ಎಸರು ಇಟ್ಟಾಗ ಸೂಜಿ: ಮಳವಳ್ಳಿ ಕಡೆಯ ಒಂದು ಇನ್ಸುಲಿನ್ ಪ್ರಕರಣ

ಆಸ್ಪತ್ರೆ ಚೀಟಿಯ ಕೊನೆಯಲ್ಲಿ ಒಂದು ಸಾಲು ಇತ್ತು. ರೋಗಿ ಇನ್ಸುಲಿನ್ ಸರಿಯಾಗಿ ತೆಗೆದುಕೊಳ್ಳುತ್ತಿಲ್ಲ, ಪಥ್ಯ ಮಾಡುತ್ತಿಲ್ಲ ಅಂತ. ಅದರ ಕೆಳಗೆ ಡೋಸ್ ಏರಿಸಿದ್ದರು. ಬೆಳಗ್ಗೆ 20 ಯೂನಿಟ್ ಇದ್ದದ್ದು 28, ರಾತ್ರಿ 12 ಇದ್ದದ್ದು 16. ಆ ದಿನ ಊಟವಾದ ಮೇಲಿನ ಶುಗರ್ 386. ಆ ಸಂಖ್ಯೆ ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ, ಬಿಡಿ. ಆದರೆ ಆಕೆ ಒಂದು ಹೊತ್ತೂ ಸೂಜಿ ತಪ್ಪಿಸಿರಲಿಲ್ಲ. ಪಥ್ಯವನ್ನೂ ಬಿಟ್ಟಿರಲಿಲ್ಲ. ಆ ಚೀಟಿ ಬಂದ ಮೇಲಂತೂ ಹೇಳಿದ್ದಕ್ಕಿಂತ ಜಾಸ್ತಿಯೇ ಪಥ್ಯ ಮಾಡಿ, ಮುದ್ದೆ ಬಿಟ್ಟು ಸೊರಗಿ ಹೋದರು.

ನಾನು ಮಳವಳ್ಳಿ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ಊರಿನ ಹೆಸರು, ಮನೆಯವರ ಹೆಸರು ಬಿಟ್ಟಿದ್ದೇನೆ. ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಆಕೆಯನ್ನು ಇಲ್ಲಿ ಅಜ್ಜಿ ಅಂತಲೇ ಕರೆಯುತ್ತೇನೆ.

ಮನೆ

ಅಜ್ಜಿಗೆ ಅರವತ್ತು ದಾಟಿದೆ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಮ್ಮ ಜಿಲ್ಲೆಯಲ್ಲಿ ಇದೇನೂ ಅಪರೂಪ ಅಲ್ಲ. 2011ರ ಜನಗಣತಿಯಲ್ಲಿ ಮಂಡ್ಯ ಜಿಲ್ಲೆಯ ಹೆಂಗಸರಲ್ಲಿ ಓದು ಬಲ್ಲವರು ನೂರಕ್ಕೆ ಸುಮಾರು 62 ಮಂದಿ. ಅಜ್ಜಿಯ ವಯಸ್ಸಿನವರನ್ನು ಮಾತ್ರ ಎಣಿಸಿದರೆ ಇನ್ನೂ ಕಡಿಮೆಯೇ ಬರುತ್ತದೆ. ಸೊಸೆ ಐದನೇ ತರಗತಿವರೆಗೆ ಓದಿದ್ದಾರೆ. ಮಗ ಪಿಯುಸಿ ಫೇಲು. ಮೊಮ್ಮಗ ಏಳನೇ ತರಗತಿ. ಮನೆಗೆ ಮುಖ್ಯ ಆದಾಯ ರೇಷ್ಮೆ. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿ ಒಂದಿಷ್ಟು ಜಮೀನು, ಅದರಲ್ಲಿ ಹಿಪ್ಪುನೇರಳೆ. ಗೂಡು ರಾಮನಗರದ ಮಾರುಕಟ್ಟೆಗೆ ಹೋಗುತ್ತದೆ.

ಕಾಲಿನ ಗಾಯ ಮಾಯದೆ ಇದ್ದಾಗ ಅಜ್ಜಿಯನ್ನು ನಗರದ ಒಂದು ಆಸ್ಪತ್ರೆಗೆ ಸೇರಿಸಿದ್ದರು. ಗಾಯ ವಾಸಿಯಾಯಿತು. ಮಾತ್ರೆ ಸಾಲದು ಅಂತ ಇನ್ಸುಲಿನ್ ಶುರುವಾಯಿತು. 30/70 ಅಂತಾರಲ್ಲ, ಬೇಗ ಕೆಲಸ ಮಾಡುವುದನ್ನೂ ನಿಧಾನವಾಗಿ ಕೆಲಸ ಮಾಡುವುದನ್ನೂ ಸೇರಿಸಿದ ಆ ಬೆರಕೆ ಇನ್ಸುಲಿನ್. ಮನೆಗೆ ಕಳಿಸುವಾಗ ನರ್ಸ್ ಮಗನನ್ನು ಕೂರಿಸಿಕೊಂಡು ಹೇಳಿಕೊಟ್ಟರು. ಬೆಳಗ್ಗೆ ಇಪ್ಪತ್ತು, ರಾತ್ರಿ ಹನ್ನೆರಡು, ಊಟಕ್ಕೆ ಅರ್ಧ ಗಂಟೆ ಮುಂಚೆ. ಅರ್ಥವಾಯ್ತಾ ಅಂತ ಕೇಳಿದರು. ಆಯ್ತು ಮೇಡಂ ಅಂದ ಮಗ. ಹತ್ತು ಸಿರಿಂಜಿನ ಒಂದು ಪೊಟ್ಟಣ ಕೊಟ್ಟರು. ಚೀಟಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ಊಟಕ್ಕೆ ಮುಂಚೆ ಅನ್ನೋದು ಅದರಲ್ಲಿ ಮೂರು ಅಕ್ಷರದ ಗುರುತಾಗಿ ಕೂತಿತ್ತು. ಅದನ್ನು ಔಷಧಿ ಅಂಗಡಿಯವರು ಬಿಟ್ಟರೆ ಬೇರೆ ಯಾರೂ ಓದಲಾರರು.

ಮಗನಿಗೆ ಹೇಳಿಕೊಟ್ಟರು. ಸೂಜಿ ಹಾಕಬೇಕಾದವರು ಸೊಸೆ. ಮಗ ಬೆಳಗ್ಗೆ ಐದಕ್ಕೇ ಸೊಪ್ಪು ಕೊಯ್ಯಲು ಹೋಗುವವನು.

ಗಾಳಿ ಸೋಕಿದ ವಾರ

ರೇಷ್ಮೆ ಹುಳ ತಿನ್ನುವುದು ನಿಲ್ಲಿಸಿ ಪೊರೆ ಬಿಡುವ ಹೊತ್ತಿಗೆ ಜ್ವರ ಅಂತಾರೆ. ಹುಳ ಸಾಕುವವರಿಗೆ ಗೊತ್ತು, ನಾಲ್ಕನೇ ಜ್ವರ ಎದ್ದ ಮೇಲಿನ ಒಂದು ವಾರ ಮನೆಯಲ್ಲಿ ಯಾರಿಗೂ ಉಸಿರಾಡಲು ಪುರುಸೊತ್ತಿರುವುದಿಲ್ಲ. ಹುಳ ಪೊರೆ ಬಿಟ್ಟು ಎದ್ದು ತಿನ್ನಲು ಶುರು ಮಾಡಿತು ಅಂದರೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಇಡೀ ಬೆಳೆಯಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ಈ ಕೊನೆಯ ಹಂತದಲ್ಲೇ ತಿಂದು ಮುಗಿಸುತ್ತದೆ. ಆ ವಾರ ಮನುಷ್ಯರ ಊಟ ಹುಳದ ಊಟದ ನಂತರ. ಬೆಳಗಿನ ಮುದ್ದೆ ಹನ್ನೊಂದಾಗುತ್ತದೆ, ಕೆಲವು ದಿನ ಹನ್ನೆರಡೂ ಆಗುತ್ತದೆ. ಆರು ಗಂಟೆಗೆ ಒಂದು ಲೋಟ ಟೀ ಕುಡಿದಿರುತ್ತಾರೆ ಅಷ್ಟೆ.

ಸೊಸೆ ಮಾತ್ರ ಆಸ್ಪತ್ರೆಯವರ ಮಾತು ಮೀರಲಿಲ್ಲ. ಗಂಡ ಬಂದು ಹೇಳಿದ್ದರಲ್ಲಿ ಅವರ ತಲೆಯಲ್ಲಿ ನಿಂತದ್ದು ಬೆಳಗ್ಗೆ ಅನ್ನೋ ಮಾತು. ಎದ್ದ ಕೂಡಲೇ, ಆರಕ್ಕೆ, ಇಪ್ಪತ್ತು ಹಾಕುತ್ತಿದ್ದರು. ಊಟಕ್ಕೆ ಅರ್ಧ ಗಂಟೆ ಮುಂಚೆ ಅನ್ನೋದು ಅವರ ಕಿವಿಗೆ ಅರ್ಧ ಗಂಟೆಯಾದರೂ ಮುಂಚೆ ಇರಲಿ ಅಂತ ಕೇಳಿಸಿತ್ತು. ಬೇಗ ಹಾಕಿದರೆ ಒಳ್ಳೆಯದೇ ಅಲ್ವಾ ಅಂತ.

ಒಂಬತ್ತು, ಹತ್ತರ ಹೊತ್ತಿಗೆ ಅಜ್ಜಿಗೆ ಮೈ ಬೆವೆತು ಕೈ ನಡುಗುತ್ತಿತ್ತು. ಒಂದು ದಿನ ಹುಳದ ಮನೆಯಲ್ಲಿ ತಟ್ಟೆ ಹಿಡಿದು ಕೂತವರು ಏನೇನೋ ಮಾತಾಡಿದರಂತೆ. ಸೊಸೆಯನ್ನು ಗುರುತಿಸಲಿಲ್ಲ, ಸತ್ತು ಹೋದ ತಂಗಿಯ ಹೆಸರು ಕೂಗಿದರು. ಮನೆಯವರಿಗೆ ಅನುಮಾನವೇ ಉಳಿಯಲಿಲ್ಲ, ಗಾಳಿ ಸೋಕಿದೆ ಅಂದರು. ಪಕ್ಕದೂರಿನಿಂದ ಮಂತ್ರಿಸಿದ ತಾಯತ ಬಂತು.

ಮನೆಯಲ್ಲಿ ಆಗ ಒಂದು ಚಮಚ ಸಕ್ಕರೆಯೂ ಇರಲಿಲ್ಲ. ಸಕ್ಕರೆ ವಿಷ ಅಂತ ಆಸ್ಪತ್ರೆಯಲ್ಲಿ ಹೇಳಿದ್ದರಿಂದ ಇದ್ದ ಅಚ್ಚು ಬೆಲ್ಲವನ್ನೂ ನಾದಿನಿ ಮನೆಗೆ ಕೊಟ್ಟಿದ್ದರು. ಸಕ್ಕರೆ ನಾಡು ಅಂತ ಹೆಸರಾದ ಜಿಲ್ಲೆಯಲ್ಲಿ, ಸಕ್ಕರೆ ಇಳಿದು ಒದ್ದಾಡುವ ಹೆಂಗಸಿಗೆ ಕೊಡಲು ಮನೆಯಲ್ಲಿ ಬೆಲ್ಲದ ಚೂರೂ ಇಲ್ಲ! ಆ ದಿನ ಅವರನ್ನು ಉಳಿಸಿದ್ದು ಯಾರೋ ಗಾಳಿ ಬಿಡಿಸಲು ಅಂತ ಕುಡಿಸಿದ ಎಳನೀರು ಮತ್ತು ತಿನ್ನಿಸಿದ ಬಾಳೆಹಣ್ಣು.

ಇದನ್ನು ಯಾರೂ ಆಸ್ಪತ್ರೆಯಲ್ಲಿ ಹೇಳಲಿಲ್ಲ. ಗಾಳಿ ವಿಷಯ ಡಾಕ್ಟರ ಹತ್ತಿರ ಹೇಳಿದರೆ ಬೈತಾರೆ ಅನ್ನೋದು ಎಲ್ಲರಿಗೂ ಗೊತ್ತು.

ಸೀಸೆ ತಿಂಗಳು ಬಂತು

ತಾಯತ ಕಟ್ಟಿದ ಹೊತ್ತಿಗೇ ಸರಿಯಾಗಿ ಆಸ್ಪತ್ರೆಯ ಸಿರಿಂಜು ಮುಗಿದಿತ್ತು. ಒಂದೊಂದನ್ನೂ ಹಲವು ಸಲ ಬಳಸಿದ್ದರು, ಅದು ಬೇರೆ ಮಾತು. ಮೊಮ್ಮಗ ಅಂಗಡಿಗೆ ಹೋಗಿ ಶುಗರ್ ಸಿರಿಂಜ್ ಕೊಡಿ ಅಂದ. ಕೊಟ್ಟರು. ಅಲ್ಲಿಂದ ಮುಂದೆ ಬೆವರು, ನಡುಕ ಎರಡೂ ನಿಂತು ಹೋದವು. ತಾಯತದ ಮೇಲೆ ನಂಬಿಕೆ ಗಟ್ಟಿಯಾಗದೆ ಇನ್ನೇನಾಗಬೇಕು? ನಾನಾಗಿದ್ದರೂ ನಂಬುತ್ತಿದ್ದೆ.

ಶುಗರ್ ಮೆಲ್ಲಗೆ ಏರುತ್ತಾ ಹೋಗಿ 386ಕ್ಕೆ ಬಂತು. ಚೀಟಿಯ ಆ ಸಾಲು ಬಂತು. ಜೊತೆಗೆ ಬೈಗುಳವೂ ಸಿಕ್ಕಿತು. ಅಜ್ಜಿ ಮನೆಗೆ ಬಂದು ಮುದ್ದೆ ಬಿಟ್ಟರು.

ನನಗೆ ವಿಷಯ ಗೊತ್ತಾಗಿದ್ದು ಆಶಾ ಕಾರ್ಯಕರ್ತೆಯಿಂದ. ನಾವಿಬ್ಬರೂ ಅವರ ಮನೆಗೆ ಹೋದಾಗ ಮಗ ದೂರಲಿಲ್ಲ, ಬದಲಿಗೆ ಸಮಾಧಾನದ ಮಾತು ಆಡಿದ. ಒಂದು ವಿಷಯದಲ್ಲಿ ಖರ್ಚು ಕಡಿಮೆಯಾಗಿದೆ ಮೇಡಂ, ಮೊದಲು ಹನ್ನೆರಡು ದಿನಕ್ಕೇ ಮುಗಿಯುತ್ತಿದ್ದ ಸೀಸೆ ಆಮೇಲೆ ಒಂದು ತಿಂಗಳು ಬಂತು ಅಂದ.

ಇಡೀ ಪ್ರಕರಣ ಬಿಚ್ಚಿಕೊಂಡಿದ್ದು ಆ ಮಾತಿನಿಂದ. ಲೆಕ್ಕ ನೋಡಿ. ಇಲ್ಲಿ ಸಾಮಾನ್ಯವಾಗಿ ಸಿಗುವ ಇನ್ಸುಲಿನ್ ಸೀಸೆಯಲ್ಲಿ 10 ಮಿಲಿ ಇರುತ್ತದೆ, ಒಂದು ಮಿಲಿಗೆ 40 ಯೂನಿಟ್. ಒಟ್ಟು 400. ದಿನಕ್ಕೆ 32 ಯೂನಿಟ್ ಹಾಕಿದರೆ ಹನ್ನೆರಡು, ಹದಿಮೂರು ದಿನ ಬರುತ್ತದೆ. ತಿಂಗಳು ಬಂತು ಅಂದರೆ ದಿನಕ್ಕೆ ಹದಿಮೂರು ಯೂನಿಟ್ ಮಾತ್ರ ಹೋಗುತ್ತಿತ್ತು ಅಂತ ಅರ್ಥ. ಸೂಜಿ ತಪ್ಪಿಸುತ್ತಿದ್ದರಾ? ಕೇಳಿದರೆ ಉತ್ತರ ಇಲ್ಲ ಅಂತಲೇ ಬರುತ್ತಿತ್ತು, ಆಮೇಲೆ ನಂಬುವುದೋ ಬಿಡುವುದೋ ನಮಗೆ ಬಿಟ್ಟದ್ದು. ಹಾಗಾಗಿ ಕೇಳಲಿಲ್ಲ. ದಿನಾ ಹೇಗೆ ಹಾಕ್ತೀರೋ ಹಾಗೇ ಒಂದು ಸಲ ತೋರಿಸಿ, ನಾನು ಸುಮ್ನೆ ನೋಡ್ತೀನಿ ಅಂತ ಸೊಸೆಗೆ ಹೇಳಿದೆ.

ಸೊಸೆಯ ಕೈ ಚೆನ್ನಾಗಿ ಪಳಗಿತ್ತು. ಸೀಸೆ ತಲೆಕೆಳಗೆ ಹಿಡಿದರು, ಗುಳ್ಳೆ ಬಿಡಿಸಿದರು, ಇಪ್ಪತ್ತೆಂಟರ ಗೆರೆಗೆ ಸರಿಯಾಗಿ ಎಳೆದರು. ಆದರೆ ಸಿರಿಂಜಿನ ಮುಚ್ಚಳ ಕಿತ್ತಳೆ ಬಣ್ಣದ್ದು.

ಇನ್ಸುಲಿನ್ ಸಿರಿಂಜಿನಲ್ಲಿ ಎರಡು ಜಾತಿ. ಕೆಂಪು ಮುಚ್ಚಳದ್ದು 40ರ ಸೀಸೆಗೆ, ಕಿತ್ತಳೆ ಮುಚ್ಚಳದ್ದು 100ರ ಇನ್ಸುಲಿನ್‌ಗೆ, ಅಂದರೆ ಒಂದು ಮಿಲಿಗೆ 100 ಯೂನಿಟ್ ಇರುವುದಕ್ಕೆ. 40ರ ಸೀಸೆಯಿಂದ ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಬರುವುದು 0.2 ಮಿಲಿ, ದೇಹಕ್ಕೆ ಹೋಗುವುದು 8 ಯೂನಿಟ್. 28ಕ್ಕೆ ಎಳೆದರೂ ಬರೀ 11. ತಿರುಗುಮುರುಗಾದರೆ, ಅಂದರೆ 100ರ ಇನ್ಸುಲಿನ್ ಕೆಂಪು ಸಿರಿಂಜಿಗೆ ಬಂದರೆ, 20ರ ಗೆರೆಗೆ 50 ಯೂನಿಟ್ ಹೋಗುತ್ತದೆ. ಜೀವಕ್ಕೇ ಅಪಾಯ.

ಈಗ ಎರಡೂ ತುದಿ ಕೂಡಿಸಿ ನೋಡಿ. ಮೊದಲ ತಿಂಗಳು ಸಿರಿಂಜು ಸರಿ ಇತ್ತು, ಹೊತ್ತು ತಪ್ಪಾಗಿತ್ತು. ಶುಗರ್ ಇಳಿದು ಗಾಳಿ ಸೋಕಿತು. ಆಮೇಲೆ ಹೊತ್ತು ಹಾಗೇ ಇತ್ತು, ಸಿರಿಂಜು ತಪ್ಪಾಯಿತು. ಗಾಳಿ ಬಿಟ್ಟಿತು, ಶುಗರ್ ಏರಿತು. ಎರಡು ತಪ್ಪು ಒಂದನ್ನೊಂದು ಮುಚ್ಚಿಕೊಂಡು ಕೂತಿದ್ದವು. ಅದರ ಮೇಲೆ ಚೀಟಿಯಲ್ಲಿ 28 ಅಂತ ಬರೆದಾಗಿದೆ. ಯಾರೋ ಒಬ್ಬ ಒಳ್ಳೆಯ ಅಂಗಡಿಯವನು ಮುಂದಿನ ಸಲ ಸರಿಯಾದ ಕೆಂಪು ಸಿರಿಂಜು ಕೊಟ್ಟಿದ್ದರೆ ಬೆಳಗ್ಗೆ ಆರಕ್ಕೆ, ಖಾಲಿ ಹೊಟ್ಟೆಗೆ, ಪೂರ್ತಿ 28 ಯೂನಿಟ್ ಹೋಗುತ್ತಿತ್ತು. ಹೊಸ ಬೆಳೆಯ ಹುಳ ಆಗಲೇ ಮೂರನೇ ಜ್ವರದಲ್ಲಿತ್ತು.

ಈ ಮನೆಯಲ್ಲಿ ಮಾತು ಕೇಳದವರು ಯಾರೂ ಇರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡಿದ್ದರು. ಇಪ್ಪತ್ತು ಅಂದರೆ ಇಪ್ಪತ್ತು. ಬೆಳಗ್ಗೆ ಅಂದರೆ ಬೆಳಗ್ಗೆ.

ಎಸರು

ಸಿರಿಂಜಿನ ವಿಷಯ ಸುಲಭವಾಗಿ ಮುಗಿಯಿತು. ಮನೆಯಲ್ಲಿದ್ದ ಕಿತ್ತಳೆ ಮುಚ್ಚಳದವನ್ನೆಲ್ಲ ನಾವು ತೆಗೆದುಕೊಂಡೆವು. ಸೀಸೆಯ ಕುತ್ತಿಗೆಗೆ ಕೆಂಪು ದಾರ ಕಟ್ಟಿದೆವು. ಕೆಂಪು ದಾರದ ಸೀಸೆಗೆ ಕೆಂಪು ಟೋಪಿಯ ಸೂಜಿ, ಬೇರೆ ಬಣ್ಣ ಬಂದರೆ ಹಾಕಬೇಡಿ, ಫೋನ್ ಮಾಡಿ. ಅಂಗಡಿಗೆ ಹೋಗುವಾಗ ಮೊಮ್ಮಗ ಖಾಲಿ ಸೀಸೆಯನ್ನೂ ಕೆಂಪು ಮುಚ್ಚಳವನ್ನೂ ಜೇಬಿನಲ್ಲಿ ಇಟ್ಟುಕೊಂಡು ಹೋಗಬೇಕು. ಬಾಯಲ್ಲಿ ಕೇಳುವುದು ಬೇಡ, ತೋರಿಸಲಿ.

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಅವರು 28 ಬೇಡವೇ ಬೇಡ ಅಂದರು. ಮೊದಲು 16ರಿಂದ ಶುರು ಮಾಡೋಣ ಅಂದವರು ಒಂದು ಕ್ಷಣ ಬಿಟ್ಟು, ಆ ಸಿರಿಂಜಿನಲ್ಲಿ ಎಷ್ಟೆಷ್ಟಕ್ಕೆ ಸಂಖ್ಯೆ ಬರೆದಿದ್ದಾರೆ ಅಂತ ಕೇಳಿದರು. ಐದೈದಕ್ಕೆ ಅಂದೆ. ಹಾಗಾದರೆ 15 ಮಾಡಿ, ಬರೆದಿರೋ ಗೆರೆ ಸಿಗುತ್ತೆ, ಒಂದು ಯೂನಿಟ್‌ನಿಂದ ಏನೂ ಆಗಲ್ಲ, ರಾತ್ರಿಗೆ 10 ಅಂದರು. ಇಷ್ಟು ವರ್ಷದಲ್ಲಿ ನಾನು ಕಂಡ ಅತ್ಯಂತ ಕರುಣೆಯ ಡೋಸ್ ಬದಲಾವಣೆ ಅದು.

ಹೊತ್ತಿನ ವಿಷಯ ಅಷ್ಟು ಬೇಗ ಬಗೆಹರಿಯಲಿಲ್ಲ. ಗಂಟೆ ಹೇಳಿದರೆ ಪ್ರಯೋಜನ ಇಲ್ಲ, ಯಾಕೆಂದರೆ ಆ ಮನೆಯ ಊಟಕ್ಕೆ ಗಂಟೆಯೇ ಇಲ್ಲ. ಹುಳ ಇಲ್ಲದ ದಿನ ಒಂಬತ್ತು, ಹುಳ ಇದ್ದರೆ ಹನ್ನೊಂದು. ಬೆಳಗ್ಗೆ ಅನ್ನೋ ಮಾತನ್ನು ಪೂರ್ತಿ ತೆಗೆದುಹಾಕಬೇಕಿತ್ತು. ಊಟಕ್ಕೆ ಅರ್ಧ ಗಂಟೆ ಮುಂಚೆ ಈ ಮನೆಯಲ್ಲಿ ಏನು ನಡೆಯುತ್ತದೆ ಅಂತ ಸೊಸೆಯನ್ನೇ ಕೇಳಿದೆ. ಇನ್ನೇನ್ ಮಾಡ್ತೀನಿ, ಮುದ್ದೆಗೆ ಎಸರು ಇಟ್ಟಿರ್ತೀನಿ ಅಂದರು.

ಎಸರು ಇಟ್ಟಾಗ ಸೂಜಿ, ಮುದ್ದೆ ಕಟ್ಟಿದಾಗ ಊಟ. ಅಷ್ಟೇ ನಿಯಮ. ಎಸರು ಇಡದೆ ಸೂಜಿ ಇಲ್ಲ. ನೀರು ಕುದಿದು, ಹಿಟ್ಟು ಬೆಂದು, ತೊಳಸಿ ಮುದ್ದೆ ಕಟ್ಟುವ ಹೊತ್ತಿಗೆ ಎಷ್ಟಾಗುತ್ತದೆ ಅಂತ ಮೊಮ್ಮಗನ ಕೈಲಿ ಫೋನ್ ಕೊಟ್ಟು ನೋಡಿಸಿದೆವು. ಅರ್ಧ ಗಂಟೆಗೆ ಎರಡು ಮೂರು ನಿಮಿಷ ಆಚೆ ಈಚೆ. ಸೌದೆ ಒಲೆಗೂ ಗ್ಯಾಸಿಗೂ ಅಂಥ ವ್ಯತ್ಯಾಸ ಬರಲಿಲ್ಲ. ಸೂಜಿ ಹಾಕುವವರೂ ಒಲೆ ಹಚ್ಚುವವರೂ ಒಬ್ಬರೇ ಆಗಿದ್ದರಿಂದ ಇದು ನಡೆಯಿತು. ಬೇರೆ ಮನೆಯಲ್ಲಿ ಬೇರೆ ಏನೋ ಹುಡುಕಬೇಕಾಗುತ್ತದೆ.

ಮುದ್ದೆಯ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ರಾಗಿ ತಿಂದರೆ ಶುಗರ್ ಬರಲ್ಲ ಅಂತ ನಮ್ಮ ಕಡೆ ಗಟ್ಟಿ ನಂಬಿಕೆ. ನೂರು ಗ್ರಾಂ ರಾಗಿಯಲ್ಲಿ 70 ಗ್ರಾಂ ಹತ್ತಿರ ಹತ್ತಿರ ಕಾರ್ಬೋಹೈಡ್ರೇಟ್ ಇದೆ, ಹಾಗಾಗಿ ಅಳತೆ ಬೇಕೇ ಬೇಕು. ಆದರೆ ಇನ್ಸುಲಿನ್ ಹಾಕಿಕೊಳ್ಳುವವರು ಮುದ್ದೆ ಪೂರ್ತಿ ಬಿಡುವುದು ಇನ್ನೂ ಕೆಟ್ಟದ್ದು. ಮೊದಲು ತಿನ್ನುತ್ತಿದ್ದುದರ ಅರ್ಧದಷ್ಟು ಗಾತ್ರದ ಒಂದು ಮುದ್ದೆ ಅಂತ ಒಪ್ಪಂದ ಆಯಿತು. ಉಪ್ಪೆಸರಿನ ಜೊತೆ ಕಾಳು, ಸೊಪ್ಪು ಎಷ್ಟಾದರೂ ಇರಲಿ. ಅಜ್ಜಿಯ ಮುಖದಲ್ಲಿ ಮೊದಲ ಸಲ ನಗು ಕಂಡಿದ್ದು ಆಗ.

ಸಕ್ಕರೆ ಗಂಟು

ಕಷ್ಟವಾಗಿದ್ದು ಸಕ್ಕರೆ ವಿಷಯ. ಮೈ ಬೆವೆತು ನಡುಕ ಬಂದರೆ ಕೂಡಲೇ ಮೂರು ಚಮಚ ಸಕ್ಕರೆ ತಿನ್ನಿ ಅಂದಾಗ ಅಜ್ಜಿ ನನ್ನನ್ನು ನೋಡಿದ ನೋಟ ಹೇಗಿತ್ತು ಅಂದರೆ, ನನಗೇ ಗಾಳಿ ಸೋಕಿದೆ ಅನ್ನೋ ಹಾಗೆ. "ಸಕ್ರೆ ಬುಡು ಅಂದೋರೂ ನೀವೇ, ತಿನ್ನು ಅನ್ನೋರೂ ನೀವೇ. ಯಾವ್ದುನ್ ಕೇಳ್ಲವ್ವ ನಾನು?"

ನ್ಯಾಯವಾದ ಪ್ರಶ್ನೆ. ಕಾರಣ ಹೇಳದೆ ಈ ಎರಡು ಮಾತು ಒಟ್ಟಿಗೆ ನಿಲ್ಲುವುದಿಲ್ಲ. ಊಟದಿಂದ ಸಕ್ಕರೆ ರಕ್ತಕ್ಕೆ ಬರುತ್ತದೆ, ಸೂಜಿಯ ಔಷಧಿ ಅದನ್ನು ರಕ್ತದಿಂದ ಮೈಗೆ ಬಿಡುತ್ತದೆ ಅಂತ ಶುರು ಮಾಡಿದೆ. ಮಗ ಮಧ್ಯದಲ್ಲೇ ಹಿಡಿದುಕೊಂಡ. "ತೂಬು ತಗ್ದಂಗೆ ಅನ್ನಿ." ನಾಲೆಗೆ ನೀರು ಬಂದು ತೂಬು ತೆಗೆಯದೆ ಹೋದರೆ ನಾಲೆ ಉಕ್ಕುತ್ತದೆ, ಗದ್ದೆ ಒಣಗುತ್ತದೆ. ನೀರೇ ಬಿಡದೆ ತೂಬು ತೆಗೆದರೆ ನಾಲೆಯೇ ಬರಿದಾಗುತ್ತದೆ. ನಾಲೆಯ ಕೊನೆಯಲ್ಲಿ ಜಮೀನು ಇಟ್ಟುಕೊಂಡು ನೀರಿಗೆ ಕಾಯುವವರಿಗೆ ಇದಕ್ಕಿಂತ ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ. ಅವನೇ ತಾಯಿಗೆ ಹೇಳಿದ, ನಾನು ಬಾಯಿ ಮುಚ್ಚಿಕೊಂಡೆ.

ಆಗ ಸೊಸೆ ಮೆಲ್ಲಗೆ ಕೇಳಿದರು, ಹಾಗಾದರೆ ಆವತ್ತಿನದು ಗಾಳಿ ಅಲ್ವಾ? ಇಲ್ಲಿ ಎಚ್ಚರ ಬೇಕು. ಗಾಳಿ ಗೀಳಿ ಎಲ್ಲ ಸುಳ್ಳು ಅಂದರೆ ಮುಂದಿನ ಸಲ ಏನಾದರೂ ಆದಾಗ ನಮ್ಮಿಂದ ಮುಚ್ಚಿಡುತ್ತಾರೆ. ಬೆವರು, ನಡುಕ, ತೊದಲು, ಗುರುತು ಸಿಗದೆ ಇರುವುದು, ಇವೆಲ್ಲ ಸಕ್ಕರೆ ಇಳಿದಾಗಲೂ ಆಗುತ್ತವೆ, ಆ ದಿನ ಬಾಳೆಹಣ್ಣು ಹೊಟ್ಟೆಗೆ ಬಿದ್ದ ಮೇಲೆ ಸರಿ ಹೋದರಲ್ಲ, ನೆನಪು ಮಾಡಿಕೊಳ್ಳಿ ಅಂದೆ. ತಾಯತ ಬಿಚ್ಚಲು ಹೇಳಲಿಲ್ಲ. ತಾಯತ ತೋಳಲ್ಲಿ ಇರಲಿ, ಸಕ್ಕರೆ ಗಂಟು ಎಲೆಅಡಿಕೆ ಚೀಲದಲ್ಲಿ ಇರಲಿ. ಎಲೆಅಡಿಕೆ ಚೀಲ ಬಿಟ್ಟು ಅಜ್ಜಿ ಹೆಜ್ಜೆ ಎತ್ತಿಡುವವರಲ್ಲ, ಅದಕ್ಕೇ ಅಲ್ಲಿ. ಸಕ್ಕರೆ ತಿಂದು ಕಾಲು ಗಂಟೆ ಕಾದು, ನಡುಕ ನಿಲ್ಲದಿದ್ದರೆ ಇನ್ನೊಂದು ಸಲ. ನಿಂತ ಮೇಲೆ ಊಟ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು, ಎಳನೀರೂ ಬೇಡ. ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್ ಮಾಡಬೇಕು.

ಅರ್ಥವಾಯ್ತಾ ಅಂತ ಕೇಳಲಿಲ್ಲ. ಆ ಪ್ರಶ್ನೆಗೆ ನಮ್ಮ ಜನ ಹ್ಞೂ ಅನ್ನದೆ ಬೇರೆ ಏನು ಹೇಳಿದ್ದಾರೆ? ಓದಿದವರದೂ ಅದೇ ಕಥೆ. ಡಾಕ್ಟರ್ ಹೇಳಿದ್ದರಲ್ಲಿ ನೂರಕ್ಕೆ 40ರಿಂದ 80ರಷ್ಟು ಕೂಡಲೇ ಮರೆತು ಹೋಗುತ್ತದೆ ಅಂತ ನೆದರ್ಲೆಂಡ್ಸ್‌ನ ಕೆಸೆಲ್ಸ್ ಅನ್ನೋ ಸಂಶೋಧಕರು 2003ರಲ್ಲೇ ಬರೆದಿದ್ದಾರೆ. ಅಜ್ಜಿಗೆ ಹೀಗೆ ಕೇಳಿದೆ: ನಾಳೆ ನಿಮ್ಮ ನಾದಿನಿಗೂ ಇದೇ ಸೂಜಿ ಬರೆದುಕೊಟ್ಟರೆ ನೀವು ಅವರಿಗೆ ಏನು ಹೇಳ್ತೀರಿ? ಅಜ್ಜಿ ಹೇಳುತ್ತಾ ಹೋದರು. ಸೂಜಿಯ ಹೊತ್ತು ಸರಿ ಹೇಳಿದರು, ಮುದ್ದೆ ಸರಿ ಹೇಳಿದರು. ಸಕ್ಕರೆ ಬಂದಾಗ ತಲೆ ಸುತ್ತಿದರೂ ತಿನ್ನು, ಸುಸ್ತಾದರೂ ತಿನ್ನು ಅಂದುಬಿಟ್ಟರು. ಹಾಗಾಗಿ ಅದೊಂದನ್ನು ಮತ್ತೆ ಬೇರೆ ರೀತಿ ಹೇಳಿದೆ. ಬೆವರು ಮತ್ತು ನಡುಕ ಬಂದರೆ ಮೊದಲು ಸಕ್ಕರೆ, ಆಮೇಲೆ ಫೋನ್. ಬರೀ ಸುಸ್ತಾದರೆ ಮೊದಲು ಆಶಾ ಕೈಲಿ ಶುಗರ್ ನೋಡಿಸಿ, ಅವರು ಸಿಗದಿದ್ದರೆ ಅನುಮಾನ ಬಂದ ಕೂಡಲೇ ತಿನ್ನಿ. ಒಂದು ಸಲ ಸಕ್ಕರೆ ಜಾಸ್ತಿ ಆದರೆ ಸರಿ ಮಾಡಬಹುದು.

ಕೆಲಸಕ್ಕೆ ಬಾರದ್ದು

ನಮ್ಮ ಹತ್ತಿರ ಒಂದು ಚಿತ್ರದ ಕಾರ್ಡ್ ಇತ್ತು. ಓದು ಬಾರದವರಿಗೆ ಚಿತ್ರ ಕೊಟ್ಟರೆ ಸಾಕು ಅಂತ ತುಂಬಾ ಜನ ನಂಬಿದ್ದಾರೆ. ಎರಡು ಗುಡ್ಡದ ನಡುವೆ ಸೂರ್ಯ ಏಳುತ್ತಿದ್ದಾನೆ, ಪಕ್ಕದಲ್ಲಿ ಸೂಜಿ. ಅಜ್ಜಿ ನೋಡಿ, "ಹೊತ್ತು ಮುಳುಗ್ತಾ ಅದೆ" ಅಂದರು. ತಪ್ಪೇನಿದೆ? ಏಳುವ ಸೂರ್ಯನೂ ಮುಳುಗುವ ಸೂರ್ಯನೂ ಚಿತ್ರದಲ್ಲಿ ಒಂದೇ. ಗೀಟು ಹಾಕಿದ ಲಡ್ಡು ನೋಡಿ ಇದ್ಯಾಕೆ ಕಡ್ಡಿ ಚುಚ್ಚವ್ರೆ ಅಂತ ಕೇಳಿದರು. ಕಾರ್ಡ್ ವಾಪಸ್ ಚೀಲಕ್ಕೆ ಹೋಯಿತು.

ಕೆಲಸಕ್ಕೆ ಬಂದದ್ದು ನೋಟು. ಅಜ್ಜಿಗೆ ಅಕ್ಷರ ಬಾರದು, ದುಡ್ಡು ಚೆನ್ನಾಗಿ ಬರುತ್ತದೆ. ಹತ್ತು ರೂಪಾಯಿ ನೋಟಿನ 10ನ್ನೂ ಸಿರಿಂಜಿನ 10ನ್ನೂ ಪಕ್ಕ ಪಕ್ಕ ಹಿಡಿದರೆ ಕೂಡಲೇ ಬೆರಳಿಟ್ಟು ತೋರಿಸಿದರು. ರಾತ್ರಿಯ ಡೋಸನ್ನು ಸೊಸೆ ತವರಿಗೆ ಹೋದಾಗ ಅವರೇ ಎಳೆದುಕೊಳ್ಳಲು ಕಲಿತರು. ಚುಚ್ಚುವುದು ಮಗ.

ಇನ್ನು ಸಣ್ಣ ಪುಟ್ಟದ್ದು. ಬೆರಕೆ ಇನ್ಸುಲಿನ್ ಅನ್ನು ಅಂಗೈ ನಡುವೆ ಹತ್ತು ಸಲ ಹೊಸೆದು ಹಾಲಿನ ಬಣ್ಣ ಒಂದೇ ಸಮ ಬಂದ ಮೇಲೆ ಎಳೆಯಬೇಕು, ಅದನ್ನು ಯಾರೂ ಹೇಳಿರಲಿಲ್ಲ. ಹೊಕ್ಕುಳ ಪಕ್ಕ ಒಂದೇ ಜಾಗಕ್ಕೆ ಹಾಕಿ ಹಾಕಿ ಗಂಟು ಕಟ್ಟಿತ್ತು, ಜಾಗ ಬದಲಿಸಲು ಹೇಳಿದೆವು. ಫ್ರಿಜ್ ಇಲ್ಲದ್ದರಿಂದ ಸೀಸೆಯನ್ನು ಹುಳದ ಮನೆಯಲ್ಲಿ ಇಟ್ಟಿದ್ದರು, ಊರಿಗೆಲ್ಲ ತಂಪಾದ ಕೋಣೆ ಅದೇ ಅಂತ. ಜಾಣತನವೇ. ಆದರೂ ಔಷಧಿ ಸಿಂಪಡಿಸುವ ಡಬ್ಬಗಳ ಪಕ್ಕ ಬೇಡ ಅಂತ ಅಡುಗೆ ಮನೆಯ ಮೂಲೆಗೆ ತಂದೆವು. ದೊಡ್ಡ ಮಡಕೆಯೊಳಗೆ ಒದ್ದೆ ಮರಳು, ಅದರೊಳಗೆ ಚಿಕ್ಕ ಕುಡಿಕೆ, ಅದರಲ್ಲಿ ಸೀಸೆ.

ಈಗ

ಆ ಬೆಳೆಯ ನಾಲ್ಕನೇ ಜ್ವರ ಎದ್ದ ವಾರ ಆಶಾ ದಿನಾ ಒಂದು ಸುತ್ತು ಹೋಗಿ ಬಂದರು. ಒಂದು ದಿನ ನಡುಕ ಬಂತು. ಎಸರು ಇಟ್ಟು ಸೂಜಿ ಹಾಕಿದ ಮೇಲೆ ಯಾರೋ ಬಂದು ಮಾತಿಗೆ ಕೂತು ಊಟ ತಡವಾಗಿತ್ತು. ಅಜ್ಜಿ ಚೀಲ ಬಿಚ್ಚಿ ಸಕ್ಕರೆ ಬಾಯಿಗೆ ಹಾಕಿಕೊಂಡು, ಮೊಮ್ಮಗನ ಕೈಲಿ ನಮಗೆ ಫೋನ್ ಮಾಡಿಸಿದರು. ಬೆಳಗಿನ ಡೋಸನ್ನು ವೈದ್ಯರು ಆಮೇಲೆ 20ಕ್ಕೆ ಏರಿಸಿದರು, ಈಗಲೂ ಬರೆದಿರುವ ಗೆರೆಯೇ. ಊಟವಾದ ಮೇಲಿನ ಶುಗರ್ ಹೆಚ್ಚು ಕಡಿಮೆ 180ರ ಸುತ್ತ ಇದೆ. ಮಾರಿಹಬ್ಬದ ಎರಡು ದಿನ ಸೂಜಿಯೂ ತಪ್ಪಿತು, ಪಥ್ಯವೂ ತಪ್ಪಿತು. ಅದನ್ನು ಅವರೇ ಬಂದು ಹೇಳಿದರು.

ಊರಿನ ಬೇರೆ ಇನ್ಸುಲಿನ್ ಮನೆಗಳಿಗೂ ಹೋಗಿ ಈಗ ಮೊದಲು ಕೇಳುವ ಪ್ರಶ್ನೆ, ಒಂದು ಸೀಸೆ ಎಷ್ಟು ದಿನ ಬರುತ್ತದೆ ಅನ್ನೋದು. ಇನ್ನೂ ಒಂದು ಮನೆಯಲ್ಲಿ ಕಿತ್ತಳೆ ಮುಚ್ಚಳ ಸಿಕ್ಕಿತು. ಔಷಧಿ ಅಂಗಡಿಯವರಿಗೂ ಹೇಳಿದ್ದೇವೆ. ಅವರು ಎರಡೂ ಬಗೆ ಇಡಲೇಬೇಕು, ಆದರೆ ಸೀಸೆ ನೋಡದೆ ಸಿರಿಂಜು ಕೊಡುವುದಿಲ್ಲ ಅಂತ ಒಪ್ಪಿದ್ದಾರೆ.

ಮೊನ್ನೆ ಬೆಂಗಳೂರಿನ ನೆಂಟರು ಯಾರೋ ಉಳಿದಿದ್ದ ಪೆನ್ನಿನ ಇನ್ಸುಲಿನ್ ತಂದುಕೊಟ್ಟರಂತೆ. ಅದು 100ರದ್ದು. ಇದಕ್ಕೆ ಕೆಂಪು ದಾರ ಇಲ್ಲ, ಏನು ಮಾಡಲಿ ಅಂತ ಸೊಸೆ ಫೋನ್ ಮಾಡಿದರು. ಮುಟ್ಟಬೇಡಿ ಅಂದೆ, ಆಶಾ ಹೋಗಿ ತೆಗೆದುಕೊಂಡು ಬಂದರು. ಕಣ್ಣಿನ ಹಿಂಪರದೆ ಪರೀಕ್ಷೆ ಮಾತ್ರ ಇನ್ನೂ ಆಗಿಲ್ಲ. ಹುಳ ಹಣ್ಣಾಗಿ, ಗೂಡು ಕಟ್ಟುವ ತಟ್ಟಿ ಅಂದರೆ ಚಂದ್ರಿಕೆಗೆ ಹತ್ತಿದೆ. ಗೂಡು ಮಾರಿ ಬಂದ ಮಾರನೆಯ ದಿನ ಹೋಗೋದು ಅಂತ ಮಾತಾಗಿದೆ.